ತಿರುವಿಗೆ ಮುಂಚಿನ ಬ್ರೇಕು

ಮಾರ್ಚ್ ೪, ಸೋಮವಾರ

ಕೆಲಸದಲ್ಲಿದ್ದಷ್ಟು ಕಾಲ ಡಿಪೋದಲ್ಲಿ ಟ್ರಿಪ್ ಶೀಟು ತುಂಬದೆ ಮನೆಗೆ ಹೋದವನಲ್ಲ ನಾನು. ಈಗ ಬಸ್ಸೂ ಇಲ್ಲ, ಡಿಪೋನೂ ಇಲ್ಲ. ಆದರೂ ಸಂಜೆಯಾದರೆ ಕೈ ಪೆನ್ನು ಹುಡುಕುತ್ತದೆ. ಅದಕ್ಕೇ ಇದು. ಯಾರೂ ಓದಬೇಕಾಗಿಲ್ಲ.

ಬಸ್ ಡ್ರೈವರಾಗಿ ನಿವೃತ್ತನಾದವನು ಸುತ್ತಾಟಕ್ಕೆಂದು ಮತ್ತೆ ಬಸ್ಸನ್ನೇ ಹತ್ತುವುದೆಂದರೆ ಏನು ಹೇಳೋಣ! ಮನೆಯಲ್ಲೇ ಕಾಲು ಚಾಚಿಕೊಂಡು ಬಿದ್ದಿರುತ್ತೇನೆ ಅಂದಿದ್ದೆ. ಇವಳು ಬಿಡಲಿಲ್ಲ. "ಮದುವೆಯಾದಾಗಿಂದ ನೀವು ಮುಂದೆ, ನಾನು ಹಿಂದೆ. ಒಂದು ಸಲನಾದ್ರೂ ಬಸ್ಸಲ್ಲಿ ನಿಮ್ಮ ಪಕ್ಕ ಕೂತ್ಕೋಬೇಕು ಅಂತ ನನಗೂ ಆಸೆ ಇರಲ್ವಾ ರೀ?" ಅಂದಳು. ಹಾಗಂದ ಮೇಲೆ ಒಲ್ಲೆ ಅನ್ನುವುದು ಹೇಗೆ? ನಿವೃತ್ತರಿಗೆಂದೇ ಮಾಡಿದ ಒಂದು ವಾರದ ಪ್ರವಾಸ. ಇಡೀ ಬಸ್ಸಿನಲ್ಲಿ ಕಪ್ಪು ಕೂದಲಿರುವುದು ಇಬ್ಬರಿಗೆ, ಮ್ಯಾನೇಜರ್‌ಗೆ ಮತ್ತು ಡ್ರೈವರ್‌ಗೆ.

ಡ್ರೈವರ್ ಹೆಂಗಸು. ಹತ್ತುವಾಗ ಮುದುಕರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ದಿನ ಶಾಲೆಯ ವ್ಯಾನು ಓಡಿಸುತ್ತಿದ್ದಳಂತೆ. ದೊಡ್ಡ ಬಸ್ಸಿನಲ್ಲಿ ಇದೇ ಮೊದಲ ದೂರದ ದಾರಿ. ಇದೊಂದು ಟ್ರಿಪ್ ಸುಸೂತ್ರವಾಗಿ ಮುಗಿದರೆ ಮಾಲೀಕರು ಕಾಯಂ ಮಾಡಿಕೊಳ್ಳುತ್ತಾರೆ ಎಂದು ಮ್ಯಾನೇಜರ್ ಹೇಳಿದ. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಬಾಯಲ್ಲೂ ಅವಳು ಡ್ರೈವರಮ್ಮ.

ನಾನು ಕಿವಿ ನೆಟ್ಟಗೆ ಮಾಡಿಕೊಂಡೇ ಕೂತಿದ್ದೆ. ಎಲ್ಲಾದರೂ ಎಡವಲಿ, ಒಂದು ಮಾತು ಹೇಳೋಣ ಅಂತ. ಎಲ್ಲಿಯ ಮಾತು? ಗೇರು ಬದಲಾದದ್ದೇ ಗೊತ್ತಾಗುವುದಿಲ್ಲ. ಬ್ರೇಕು ಹಾಕಿದರೆ ನಿದ್ದೆ ಮಾಡುತ್ತಿರುವವರ ತಲೆ ಅಲುಗುವುದಿಲ್ಲ. ಒಳ್ಳೇ ಕಾಲು. ಹೇಳಿಕೊಟ್ಟು ಬರುವಂಥದ್ದಲ್ಲ ಅದು. ಆದರೂ ನನ್ನ ಬಲಗಾಲು ತಾನೇ ತಾನಾಗಿ ನೆಲ ಒತ್ತುತ್ತಿತ್ತು. ಇವಳು ನೋಡಿ ನೋಡಿ, "ಬಸ್ಸು ನಿಲ್ತೇನ್ರೀ?" ಎಂದು ಕೇಳಿ ನಕ್ಕಳು.

ಇನ್ನೊಂದು. ಈ ದಾರಿಯಲ್ಲಿ ನಾನೇ ಎಷ್ಟೋ ವರ್ಷ ಓಡಾಡಿದ್ದೇನೆ. ಎಡಕ್ಕೆ ಅಷ್ಟು ದೊಡ್ಡ ಕೆರೆ ಇದೆ ಎಂದು ಇವತ್ತು ಗೊತ್ತಾಯಿತು. "ಈ ಕೆರೆ ಯಾವಾಗ ಬಂತು?" ಅಂದೆ. "ಅದು ಯಾವಾಗಲೂ ಇತ್ತು. ನೀವು ಇರಲಿಲ್ಲ" ಅಂದಳು.

ಮಾರ್ಚ್ ೫, ಮಂಗಳವಾರ

ಲೈಟ್‌ಹೌಸು ನೋಡಿದೆವು. ಮೆಟ್ಟಿಲು ಹತ್ತಿ ಇವಳ ಮಂಡಿ ಹಿಡಿದುಕೊಂಡಿತು, ಆದರೂ ಮೇಲೆ ನಿಂತು ಗಾಳಿಗೆ ಸೆರಗು ಹಾರಿಸಿಕೊಂಡು ಚಿಕ್ಕ ಹುಡುಗಿಯ ಹಾಗೆ ಕುಣಿದಳು. ನನಗೆ ಒಂದು ಕಡೆ ಖುಷಿ, ಇನ್ನೊಂದು ಕಡೆ ಜನ ನೋಡುತ್ತಾರಲ್ಲ ಎಂಬ ಸಂಕೋಚ.

ಊಟದಲ್ಲಿ ಎದುರಿಗೆ ಕೂತವರು ಬ್ಯಾಂಕಿನಿಂದ ನಿವೃತ್ತರಾದವರು. ನಾನು ಡ್ರೈವರಾಗಿದ್ದೆ ಎಂದು ತಿಳಿದು ಬಹಳ ಆದರ ತೋರಿಸಿದರು. ನನಗೂ ಕೊಂಬು ಬಂತು. ನನ್ನ ಬಸ್ಸಿನಲ್ಲಿ ಲೋಟದ ನೀರು ಅಲುಗುತ್ತಿರಲಿಲ್ಲ ಅಂದೆ. ವಾಂತಿ ಮಾಡುವವರನ್ನು ಕಂಡರೆ ನನಗಾಗುತ್ತಿರಲಿಲ್ಲ, ಬಕೆಟ್ಟು ಕೊಟ್ಟು ಅವರ ಕೈಯಲ್ಲೇ ತೊಳೆಸುತ್ತಿದ್ದೆ, ಅದೆಲ್ಲ ಮನಸ್ಸಿನ ಹುಚ್ಚು ಅಂದೆ. ಬ್ಯಾಂಕಿನವರು ತಲೆದೂಗಿದರು. ಇವಳು ತಟ್ಟೆ ನೋಡುತ್ತಿದ್ದಳು.

ವಾಪಸು ಬರುವಾಗ ಬಸ್ಸಿನಲ್ಲಿ ಬಾಯಿಗೆ ಹುಳಿ ನೀರು ಬಂದಂತಾಯಿತು. ಹೋಟೆಲಿನ ಚಹಾ ಸರಿಯಿರಲಿಲ್ಲ ಅಂತ ಕಾಣುತ್ತದೆ.

ಮಾರ್ಚ್ ೬, ಬುಧವಾರ

ಥೂ, ನನ್ನ ಜನ್ಮಕ್ಕಿಷ್ಟು!

ಬೆಟ್ಟದ ದಾರಿ. ಒಂದರ ಹಿಂದೊಂದು ತಿರುವು. ನಾಲ್ಕೈದು ತಿರುವಿನಲ್ಲೇ ಕಿವಿಯ ಹಿಂದೆ ಬೆವರು ಕಿತ್ತುಕೊಂಡಿತು. ಇವಳು ಪ್ಲಾಸ್ಟಿಕ್ ಚೀಲ ಹಿಡಿದಳು, ನಾನು ತಳ್ಳಿದೆ. ಚೀಲ ಹಿಡಿಯುವವನಾ ನಾನು? ಕೊನೆಗೆ ಕಿಟಕಿಯಿಂದ ತಲೆ ಹೊರಗೆ ಹಾಕಬೇಕಾಯಿತು. ಬಸ್ಸಿನ ಮೈಯುದ್ದಕ್ಕೂ ಬೆಳಗಿನ ತಿಂಡಿ. ಹಿಂದಿನ ಸೀಟಿನ ಟೀಚರಮ್ಮ ಪಟಪಟನೆ ಕಿಟಕಿ ಮುಚ್ಚಿಕೊಂಡರು.

ಮೇಲೆ ನೋಟದ ಜಾಗದಲ್ಲಿ ಬಸ್ಸು ನಿಂತಿತು. ಕಣಿವೆ ನೋಡುವುದು ಬಿಟ್ಟು ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬ್ಯಾಂಕಿನವರು ಎಲ್ಲರಿಗೂ ಕೇಳಿಸುವ ಹಾಗೆ, "ಏನ್ ಸಾರ್, ಡ್ರೈವರ್ ಸಾಹೇಬರಿಗೇ ಹೀಗಾ? ಬಕೆಟ್ ತರ‍್ಲಾ?" ಅಂದರು. ಗೊಳ್ಳೆಂದು ನಗು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ನುಂಗಿದ್ದರೆ ಚೆನ್ನಾಗಿತ್ತು. ಅದು ಬಿಟ್ಟು ನಾನು ಬಾಯಿ ತೆರೆದೆ. "ನನ್ನ ಹೊಟ್ಟೇದೇನೂ ತಪ್ಪಿಲ್ಲ ಸಾರ್. ಆ ಹೆಣ್ಣುಮಗಳು ತಿರುವಿನ ಒಳಗೆ ಹೋಗಿ ಬ್ರೇಕ್ ಹಾಕ್ತಾಳೆ. ಹಾಕ್ಬೇಕಾದ್ದು ತಿರುವಿಗೆ ಮುಂಚೆ. ಹೀಗೆ ಓಡಿಸಿದ್ರೆ ಕಬ್ಬಿಣದ ಹೊಟ್ಟೆ ಇದ್ರೂ ನಿಲ್ಲಲ್ಲ."

ಎಲ್ಲಿಂದ ಬಂತೋ ಆ ಮಾತು. ಶುದ್ಧ ಸುಳ್ಳು. ಅವಳು ಪ್ರತಿ ತಿರುವಿಗೂ ಮುಂಚೆಯೇ, ಬೆಣ್ಣೆ ಮುಟ್ಟಿದ ಹಾಗೆ ಬ್ರೇಕು ಮುಟ್ಟಿ ಬಿಡುತ್ತಿದ್ದಳು. ಆದರೆ ಅನುಭವಸ್ಥ ಹೇಳಿದ ಮೇಲೆ ಮುಗಿಯಿತಲ್ಲ! ನಗು ನಿಂತಿತು. "ಓ, ಅದಕ್ಕೇ ನನಗೂ ಒಂಥರಾ ಆಗ್ತಿತ್ತು" ಅಂದರು ಟೀಚರಮ್ಮ. ನಾನು ವಾಂತಿ ಮಾಡುವವರೆಗೂ ಗೊರಕೆ ಹೊಡೆಯುತ್ತಿದ್ದವರು ಅವರು. ಇಳಿಯುವಾಗ ಇನ್ನೂ ಇಬ್ಬರು ಚೀಲ ಕೇಳಿದರು. ಎಲ್ಲರೂ ನನ್ನನ್ನು ಸಾರ್ ಸಾರ್ ಅನ್ನುವುದೇನು, ನೀರಿನ ಬಾಟಲಿ ಕೊಡುವುದೇನು! ಒಂದು ಗಳಿಗೆ ಹಿತವಾಗಿಯೇ ಇತ್ತು. ಸುಳ್ಳೇಕೆ ಹೇಳಲಿ.

ರೂಮಿನ ಬಾಗಿಲು ಹಾಕಿದ ಮೇಲೆ ಇವಳು ಇಷ್ಟೇ ಕೇಳಿದಳು: "ಹೊಟ್ಟೆ ತೊಳಸ್ತು, ಸರಿ. ಬಾಯಿಗೇನಾಗಿತ್ತು?"

ಮಾರ್ಚ್ ೭, ಗುರುವಾರ

ಬೆಳಿಗ್ಗೆ ಹಲ್ಲುಜ್ಜುತ್ತ ಲಾಡ್ಜಿನ ಅಂಗಳಕ್ಕೆ ಬಂದರೆ ಡ್ರೈವರಮ್ಮ ಬಸ್ಸು ತೊಳೆಯುತ್ತಿದ್ದಳು. ನನ್ನ ಕಿಟಕಿಯ ಕೆಳಗಿನ ಭಾಗ. ಒಣಗಿ ಅಂಟಿಕೊಂಡಿತ್ತು, ನಾರು ಹಾಕಿ ತಿಕ್ಕುತ್ತಿದ್ದಳು. ಹಿಂದಕ್ಕೆ ತಿರುಗೋಣ ಅನ್ನುವಷ್ಟರಲ್ಲಿ ನೋಡಿಬಿಟ್ಟಳು.

"ಸಾರ್, ಒಂದ್ನಿಮಿಷ. ನಾನು ತಿರುವಲ್ಲಿ ಬ್ರೇಕ್ ತಪ್ಪು ಹಾಕ್ತೀನಿ ಅಂತ ಎಲ್ರೂ ಮಾತಾಡ್ಕೋತಿದ್ದಾರೆ. ನೀವು ಹೇಳಿದ್ರಂತೆ. ನಿಜವಾ ಸಾರ್?"

ನನ್ನ ಬಾಯಿ ತುಂಬ ನೊರೆ.

"ಬೇಜಾರಿಲ್ಲ ಸಾರ್. ನನಗೆ ಕೂರಿಸಿಕೊಂಡು ಕಲಿಸಿದೋರು ಯಾರೂ ಇಲ್ಲ. ವ್ಯಾನ್ ಓಡಿಸ್ತಾ ಓಡಿಸ್ತಾ ನಾನೇ ಕಲಿತಿದ್ದು. ನಿಮ್ಮಂಥೋರು ಹೇಳಿದ್ರೆ ತಿದ್ಕೋತೀನಿ. ಈ ಕೆಲಸ ನನಗೆ ಬೇಕೇಬೇಕು ಸಾರ್. ವ್ಯಾನಿನ ಕೆಲಸ ಬಿಟ್ಟು ಬಂದಿದೀನಿ."

ಆಗಲೇ ಹೇಳಿಬಿಡಬೇಕಿತ್ತು. ನಿನ್ನ ಕಾಲು ಚಿನ್ನದಂಥ ಕಾಲು ಕಣಮ್ಮ, ನನ್ನ ಮಾತು ಕಸಕ್ಕೆ ಹಾಕು, ಅಂತ. ಮಾತು ನಾಲಿಗೆಯ ತುದಿಗೆ ಬಂದಿತ್ತು. ತಲೆಯೆತ್ತಿದರೆ ಬ್ಯಾಂಕಿನವರು ಮೆಟ್ಟಿಲ ಮೇಲೆ ಪೇಪರು ಹಿಡಿದು ನಿಂತಿದ್ದಾರೆ. "ಹೇಳ್ಕೊಡಿ ಸಾರ್, ನಾವೂ ಕೇಳಿಸ್ಕೋತೀವಿ" ಅಂದರು.

ನಾನು ಉಗುಳಿ, ಬಾಯಿ ಒರೆಸಿಕೊಂಡು, ದೊಡ್ಡ ಗುರುವಿನ ಹಾಗೆ ಹೇಳಿದೆ: "ನೋಡಮ್ಮ, ತಿರುವು ಕಣ್ಣಿಗೆ ಬಿದ್ದ ತಕ್ಷಣ ಬ್ರೇಕ್ ಹಿಡಿ. ತಿರುವು ಮುಗಿಯೋವರೆಗೂ ಕಾಲು ತೆಗೀಬೇಡ."

ಡ್ರೈವಿಂಗ್ ಶಾಲೆಯಲ್ಲಿ ಮೊದಲ ದಿನದವನೂ ಹಾಗೆ ಹೇಳುವುದಿಲ್ಲ. ಅವಳು ಕೈ ಒರೆಸಿಕೊಂಡು, ತುಟಿ ಅಲುಗಿಸುತ್ತ ಅದನ್ನು ಒಂದು ಸಲ ಹೇಳಿಕೊಂಡಳು. ಪಾಠ ಬಾಯಿಪಾಠ ಮಾಡುವವರ ಹಾಗೆ. "ತುಂಬಾ ಉಪಕಾರ ಆಯ್ತು ಸಾರ್" ಅಂದಳು.

ಅವಳ ಕೈಯಿಂದ ನಾರು ಕಿತ್ತುಕೊಂಡು ನಾನೇ ಬಸ್ಸು ತೊಳೆಯಬಹುದಿತ್ತು. ಅದನ್ನೂ ಮಾಡಲಿಲ್ಲ.

ಮಾರ್ಚ್ ೮, ಶುಕ್ರವಾರ

ನಾನು ಹೇಳಿದಂತೆಯೇ ಓಡಿಸಿದಳು. ಬಸ್ಸು ಎತ್ತಿನ ಗಾಡಿಯಾಗಿದೆ. ಇನ್ನೂ ಮೂವರಿಗೆ ವಾಂತಿ, ಈ ಸಲ ನಿಜವಾದದ್ದು.

ಇವಳನ್ನು ಕೇಳಿದೆ, "ನನ್ನ ಬಸ್ಸಲ್ಲಿ ಹಿಂದೆ ಕೂತಾಗ ನಿನಗೂ ಹೀಗೇ ಆಗ್ತಿತ್ತೇನೇ?" ಎಂದು. "ಆಗ್ತಿತ್ತು. ಹೇಳಿದ್ರೆ ಮನಸ್ಸಿನ ಹುಚ್ಚು ಅಂತಿದ್ರಲ್ಲ, ಹೇಳೋದು ಬಿಟ್ಟೆ" ಅಂದಳು. ಕಿಟಕಿಯ ಹೊರಗೆ ಯಾವುದೋ ಮನೆಯ ತಾರಸಿ, ಹಗ್ಗದ ತುಂಬ ಕಾಲುಚೀಲ. ಹಾದುಹೋಗುವವರೆಗೂ ನೋಡುತ್ತ ಕೂತೆ.

ಮಾರ್ಚ್ ೯, ಶನಿವಾರ

ಈ ದಿನದ್ದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಇವತ್ತು ಬೆಟ್ಟದ ಆ ಕಡೆಯ ಇಳಿಜಾರು. ಅವಳು ಬ್ರೇಕಿನ ಮೇಲಿಟ್ಟ ಕಾಲು ತೆಗೆಯಲೇ ಇಲ್ಲ. ಒಂದು ತಿರುವು ಮುಗಿಯುವ ಮೊದಲೇ ಇನ್ನೊಂದು ಕಾಣುತ್ತದೆ, ಕಂಡ ತಕ್ಷಣ ಹಿಡಿಯಬೇಕು ಎಂದು ಗುರುಗಳು ಹೇಳಿದ್ದಾರಲ್ಲ! ಅರ್ಧ ಇಳಿಯುವಷ್ಟರಲ್ಲಿ ವಾಸನೆ ಬಂತು. "ಯಾರೋ ಕಸ ಸುಡ್ತಿದ್ದಾರೆ" ಎಂದು ಟೀಚರಮ್ಮ ಕಿಟಕಿ ಎಳೆದರು. ಕಸವಲ್ಲ. ಬ್ರೇಕು ಕಾದು ಸೀಯುವ ವಾಸನೆ ಅದು. ಇನ್ನಷ್ಟು ಕಾದರೆ ಎಷ್ಟು ಒತ್ತಿದರೂ ಬಸ್ಸು ನಿಲ್ಲುವುದಿಲ್ಲ. ಆ ಬಸ್ಸಿನಲ್ಲಿ ಅದು ಗೊತ್ತಿದ್ದವನು ನಾನೊಬ್ಬನೇ. ಪಕ್ಕದಲ್ಲಿ ಇವಳು ನನ್ನ ತೋಳಿಗೆ ಒರಗಿ ನಿದ್ದೆ ಹೋಗಿದ್ದಳು.

"ನಿಲ್ಸಮ್ಮಾ! ಗೇರ್ ಇಳಿಸಿ ನಿಲ್ಸು! ನನಗೆ ಅರ್ಜೆಂಟು!" ಎಂದು ಕೂಗಿದೆ. ಎಲ್ಲರೂ ನಕ್ಕರು. ನಗಲಿ. ದೇವರು ದೊಡ್ಡವನು, ಬಸ್ಸು ನಿಂತಿತು.

ಪೊದೆಯ ಹಿಂದೆ ಸುಮ್ಮನೆ ನಿಂತೆ. ಚಕ್ರ ತಣಿಯಲಿ ಎಂದು ಆದಷ್ಟು ಹೊತ್ತು ನಿಂತೆ. "ಸಾರ್‌ದು ಸಣ್ಣ ಅರ್ಜೆಂಟಲ್ಲ" ಎಂದು ಯಾರೋ ಅಂದದ್ದೂ ಕೇಳಿಸಿತು. ವಾಪಸು ಬಂದರೆ ಡ್ರೈವರಮ್ಮ ಮುಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ವಾಸನೆ ಬರ್ತಿತ್ತಲ್ವಾ ಸಾರ್?"

"ಇಳಿಜಾರಲ್ಲಿ ಸಣ್ಣ ಗೇರಲ್ಲಿ ಇಳಿಸು. ಬ್ರೇಕ್ ಮುಟ್ಟಿ ಮುಟ್ಟಿ ಬಿಡು."

"ನಾನು ಹಾಗೇ ಮಾಡ್ತಿದ್ದೆ ಸಾರ್. ನೀವೇ ಹಿಡ್ಕೊಂಡಿರು ಅಂದಿದ್ದು."

"ಅದು... ಅದು ಹತ್ತೋವಾಗ. ಇಳಿಯೋವಾಗ ಬೇರೆ" ಅಂದೆ. ಒಂದು ಸುಳ್ಳಿಗೆ ಇನ್ನೊಂದು ತೇಪೆ. ನನ್ನ ನಾಲಿಗೆಗೆ ಏನು ರೋಗ ಬಂದಿದೆಯೋ!

ಸಂಜೆ ಬ್ಯಾಂಕಿನವರು ನಾಲ್ಕು ಜನರನ್ನು ಕಟ್ಟಿಕೊಂಡು ಮ್ಯಾನೇಜರ್ ಹತ್ತಿರ ಹೋದರು. ನನ್ನನ್ನೂ ಕರೆದೊಯ್ದರು. ಡ್ರೈವರನ್ನು ಬದಲಾಯಿಸಬೇಕು, ಇಲ್ಲದಿದ್ದರೆ ಬಸ್ಸು ಹತ್ತುವುದಿಲ್ಲ ಅಂದರು. ಮ್ಯಾನೇಜರ್ ಪಾಪ, ನನ್ನ ಕಡೆ ತಿರುಗಿ, "ನೀವು ಹೇಳಿ ಸಾರ್. ಇವರೆಲ್ಲ ಏನೇ ಹೇಳಲಿ, ನಿಮ್ಮ ಒಂದು ಮಾತಿನ ಮೇಲೆ ಬಿಡ್ತೀನಿ. ಈಗ ಕಳಿಸಿದ್ರೆ ಮಾಲೀಕರು ಮತ್ತೆ ಅವಳನ್ನ ಹತ್ರಕ್ಕೂ ಸೇರಿಸಲ್ಲ" ಅಂದ.

ತಪ್ಪು ತಿದ್ದಿಕೊಳ್ಳಲು ಇಷ್ಟು ಸುಲಭವಾಗಿ ಯಾರೂ ಯಾರಿಗೂ ದಾರಿ ಬಿಟ್ಟುಕೊಡುವುದಿಲ್ಲ. ನಾನೇನಂದೆ? "ನಿಮಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡಿ" ಅಂದೆ. ಅಂದು, ಚಪ್ಪಲಿ ಮೆಟ್ಟಿಕೊಂಡು ಎದ್ದು ಬಂದೆ.

ಮಾರ್ಚ್ ೧೦, ಭಾನುವಾರ

ಇವಳು ಬೆಳಿಗ್ಗೆ ಎದ್ದವಳೇ ಪೆಟ್ಟಿಗೆ ಕಟ್ಟತೊಡಗಿದಳು. ಡ್ರೈವರಮ್ಮನನ್ನು ಮುಂದಿನ ಊರಿನಲ್ಲಿ ರೈಲು ಹತ್ತಿಸುತ್ತಾರಂತೆ, ತಾನೂ ಅವಳ ಜೊತೆ ಹೋಗುತ್ತಾಳಂತೆ.

"ನೀನ್ಯಾಕೆ ಹೋಗ್ಬೇಕು?" ಅಂದೆ.

"ಮತ್ತೆ ಇಲ್ಲಿ ಯಾರ ಪಕ್ಕ ಕೂತ್ಕೊಳ್ಲಿ?"

"ನೀನೇ ಹೇಳಿಬಿಡಬಹುದಿತ್ತಲ್ಲ ಅವರಿಗೆಲ್ಲ."

"ನಾನ್ಯಾಕ್ರೀ ಹೇಳ್ಲಿ? ನಿಮ್ಮ ಬಾಯಿಂದ ಹೋದದ್ದು, ನಿಮ್ಮ ಬಾಯೇ ಹೇಳ್ಲಿ. ಹೆಂಡತಿ ಬಂದು ಒರೆಸೋಕೆ ಇದೇನು ಚೆಲ್ಲಿದ ಸಾರಾ?" ಕಣ್ಣು ತುಂಬಿಕೊಂಡಿದ್ದಳು. ಇಷ್ಟು ವರ್ಷದಲ್ಲಿ ಅವಳು ನನ್ನ ವಿಷಯಕ್ಕೆ ನಾಚಿದ್ದನ್ನು ನಾನು ನೋಡಿರಲಿಲ್ಲ.

ಬಸ್ಸಿನಲ್ಲಿ ಹೊಸ ಡ್ರೈವರು ಕೂತಾಗಿತ್ತು. ದಪ್ಪ ಮೀಸೆಯವನು, ಆ ಊರಿನವನೇ. ಡ್ರೈವರಮ್ಮ ಕೊನೆಯ ಸೀಟಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ನಡುದಾರಿಯಲ್ಲಿ ನಿಂತು ಹೇಳಿದೆ: "ಎಲ್ಲರೂ ಕೇಳಿ. ಅವಳದೇನೂ ತಪ್ಪಿಲ್ಲ. ನನಗೆ ಹಿಂದೆ ಕೂತು ಅಭ್ಯಾಸ ಇಲ್ಲ, ಹೊಟ್ಟೆ ತೊಳಸ್ತು, ನಾಚಿಕೆ ಆಯ್ತು, ಸುಳ್ಳು ಹೇಳಿದೆ. ಆಮೇಲೆ ಅವಳಿಗೆ ತಪ್ಪು ಹೇಳಿಕೊಟ್ಟು ಹಾಳು ಮಾಡಿದ್ದೂ ನಾನೇ."

ಬ್ಯಾಂಕಿನವರು ಚಪ್ಪಾಳೆ ತಟ್ಟಿಬಿಟ್ಟರು. "ನೋಡಿ, ದೊಡ್ಡತನ ಅಂದ್ರೆ ಇದು! ಒಂದು ಹೆಣ್ಣುಮಗಳ ಹೊಟ್ಟೆಪಾಡಿಗೋಸ್ಕರ ತಮ್ಮ ಮರ್ಯಾದೆನೇ ಕಳ್ಕೋತಿದ್ದಾರೆ. ಕೂತ್ಕೊಳ್ಳಿ ಸಾರ್, ಕೂತ್ಕೊಳ್ಳಿ." ಎಲ್ಲರೂ ತಟ್ಟಿದರು. ನಾನು ಸುಳ್ಳು ಹೇಳಿದಾಗ ಒಬ್ಬರಿಗೂ ಅನುಮಾನ ಬರಲಿಲ್ಲ. ನಿಜ ಹೇಳಿದರೆ ಒಬ್ಬರೂ ನಂಬುತ್ತಿಲ್ಲ. ಹಣೆ ಹಣೆ ಬಡಿದುಕೊಳ್ಳುವ ಹಾಗಾಯಿತು.

ಬಸ್ಸು ಹೊರಟಿತು. ಬಯಲು ಸೀಮೆ, ರಸ್ತೆ ಗೀಟೆಳೆದ ಹಾಗೆ. ಹೊಸಬನೂ ಒಳ್ಳೆಯ ಕೈ. ಕಿಟಕಿಯ ಹೊರಗೆ ನೋಡುತ್ತಿದ್ದರೆ ನನಗೆ ಏನೂ ಆಗುವುದಿಲ್ಲ, ಓದಲು ತಲೆ ಬಗ್ಗಿಸಿದರೆ ಮುಗಿಯಿತು, ಅದನ್ನು ಈ ವಾರದಲ್ಲಿ ಕಲಿತಿದ್ದೇನೆ. ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಎದ್ದು ಬ್ಯಾಂಕಿನವರ ಪಕ್ಕ ಹೋಗಿ ಕೂತು, "ಆ ಪೇಪರ್ ಕೊಡಿ ಸಾರ್" ಅಂದೆ.

ಓದಿದೆ. ಸಣ್ಣ ಅಕ್ಷರದ ಜಾಹೀರಾತುಗಳನ್ನೇ ಆರಿಸಿ ಓದಿದೆ. ಬಾಡಿಗೆಗೆ ಮನೆ, ಮಾರಾಟಕ್ಕೆ ಹೊಲಿಗೆ ಯಂತ್ರ. ಒಂದು ಪುಟ ಮುಗಿಯುವಷ್ಟರಲ್ಲಿ ಬೆವರು ಬಂತು, ಎರಡನೇ ಪುಟದಲ್ಲಿ ಎಲ್ಲವೂ ಬಂತು. ಪೇಪರಿನ ಮೇಲೆ, ನನ್ನ ಅಂಗಿಯ ಮೇಲೆ, ಬ್ಯಾಂಕಿನವರ ಇಸ್ತ್ರಿ ಪ್ಯಾಂಟಿನ ಮೇಲೆ.

ಮೀಸೆಯವನು ಬಸ್ಸು ನಿಲ್ಲಿಸಿ ಹಿಂದೆ ಬಂದ. "ಏನ್ ಯಜಮಾನ್ರೇ, ರಸ್ತೆ ನೆಟ್ಟಗಿದೆ, ನಾನು ಬ್ರೇಕೇ ಮುಟ್ಟಿಲ್ಲ. ಇಲ್ಲೂ ವಾಂತಿನಾ?"

"ಅದನ್ನೇ ಇವರಿಗೆ ಹೇಳಪ್ಪ" ಅಂದೆ.

ಯಾರೂ ನಗಲಿಲ್ಲ. ಬ್ಯಾಂಕಿನವರು ಪ್ಯಾಂಟು ಒರೆಸುತ್ತಿದ್ದವರು ನಿಲ್ಲಿಸಿ ನನ್ನ ಮುಖ ನೋಡಿದರು. ಕೊನೆಗೂ ನಂಬಿದರು. ನಂಬಿದ ಮೇಲೆ ಅವರ ಕಣ್ಣು ಬೇರೆಯೇ ಆಯಿತು. "ಥೂ, ನಿಮ್ಮ ವಯಸ್ಸಿಗಾದ್ರೂ ಮರ್ಯಾದೆ ಬೇಡ್ವಾ?" ಅಂದರು. ಬೇಕಿತ್ತು ಸಾರ್, ಅದಕ್ಕೇ ಅಲ್ಲವೇ ಇಷ್ಟೆಲ್ಲ ಆದದ್ದು.

ಮ್ಯಾನೇಜರ್ ಕೆಳಗಿಳಿದು ಮಾಲೀಕರಿಗೆ ಫೋನು ಮಾಡಿದ. ನನಗೂ ಕೊಟ್ಟ, ಇದ್ದದ್ದನ್ನೆಲ್ಲ ಒದರಿದೆ. ಅವರು ಏನೇನು ಅಂದರು ಎಂದು ಬರೆಯಲಾರೆ. ನಾಳೆ ಮತ್ತೆ ಡ್ರೈವರಮ್ಮನೇ ಓಡಿಸುತ್ತಾಳೆ, ಕೆಲಸ ಕಾಯಂ ಮಾಡುವ ಮಾತೂ ಹಾಗೇ ಉಳಿದಿದೆ.

ರಾತ್ರಿ ಊಟಕ್ಕೆ ನನ್ನ ಮೇಜಿಗೆ ಯಾರೂ ಬರಲಿಲ್ಲ. ಇವಳು ಬಂದು ಕೂತಳು. ಕಟ್ಟಿದ್ದ ಪೆಟ್ಟಿಗೆಯನ್ನೂ ಬಿಚ್ಚಿದ್ದಳು.

ಮಾರ್ಚ್ ೧೧, ಸೋಮವಾರ

ಮನೆಗೆ ಬಂದು ತಲುಪಿದ್ದೇವೆ.

ಬೆಳಿಗ್ಗೆ ಹೊರಡುವ ಮುಂಚೆ ಡ್ರೈವರಮ್ಮನ ಹತ್ತಿರ ಹೋದೆ. ಕ್ಷಮಿಸು ಅಂದೆ. ಅವಳು ಕನ್ನಡಿ ಸರಿ ಮಾಡುತ್ತಿದ್ದಳು. ಬಟ್ಟೆ ತೆಗೆದು ಅದನ್ನೇ ಒರೆಸತೊಡಗಿದಳು. "ನಾನು ಹೇಳಿಕೊಟ್ಟಿದ್ದನ್ನೆಲ್ಲ ಮರೆತುಬಿಡಮ್ಮ. ಮೊದಲ ದಿನ ಹೇಗೆ ಓಡಿಸಿದ್ಯೋ ಹಾಗೇ ಓಡಿಸು" ಅಂದೆ.

"ಮೊದಲ ದಿನ ಹೇಗೆ ಓಡಿಸಿದ್ದೆ ಅಂತ ನೆನಪಾಗ್ತಿಲ್ಲ ಸಾರ್. ಅವತ್ತು ನಾನು ನನ್ನ ಕಾಲಿನ ಬಗ್ಗೆ ಯೋಚನೇನೇ ಮಾಡಿರಲಿಲ್ಲ."

ವಾಪಸು ಬರುವ ದಾರಿಯಲ್ಲಿ ಮತ್ತೆ ಬೆಟ್ಟ. ಮುಂದಿನ ಸೀಟು ಖಾಲಿಯಿತ್ತು, ಕೇಳದೆಯೇ ಹೋಗಿ ಕೂತೆ, ಸಹಾಯವಾಗಲಿ ಎಂದು. ಮೊದಲ ತಿರುವು ಕಂಡ ಕೂಡಲೇ ಅವಳ ಕಾಲು ಬ್ರೇಕಿಗೆ ಹೋಯಿತು. ಬಸ್ಸು ಮುಗ್ಗರಿಸಿತು. "ಬಿಡಮ್ಮ, ಬಿಡು, ಈಗ ಬೇಡ" ಅಂದೆ. ಬಿಟ್ಟಳು, ಮತ್ತೆ ಹಿಡಿದಳು. ಎರಡನೆಯದರಲ್ಲೂ ಹಾಗೇ. ಬೇಕಂತ ಮಾಡುತ್ತಿರಲಿಲ್ಲ, ಕಾಲು ತಾನೇ ಹೋಗುತ್ತಿತ್ತು. ಸ್ಟೇರಿಂಗ್ ಮೇಲೆ ಬೆರಳುಗಳು ಬೆಳ್ಳಗಾಗಿದ್ದವು. "ನಿನಗೆ ಬರುತ್ತೆ ಕಣಮ್ಮ, ನಿನಗೆ ನನಗಿಂತ ಚೆನ್ನಾಗಿ ಬರುತ್ತೆ" ಅಂದೆ.

"ಸಾರ್" ಅಂದಳು, ರಸ್ತೆಯಿಂದ ಕಣ್ಣು ತೆಗೆಯದೆ, ಸಿಟ್ಟೂ ಇಲ್ಲದ ದನಿಯಲ್ಲಿ. "ಒಂದು ಉಪಕಾರ ಮಾಡಿ. ಹಿಂದೆ ಹೋಗಿ ಕೂತ್ಕೊಳ್ಳಿ. ನೀವು ಒಳ್ಳೇದು ಹೇಳಿದ್ರೂ ಈಗ ನನಗೆ ಭಯ ಆಗುತ್ತೆ."

ಎದ್ದು, ಸೀಟುಗಳನ್ನು ಹಿಡಿದುಕೊಂಡು ಹಿಂದೆ ಬಂದೆ. ಎಲ್ಲರೂ ನೋಡುತ್ತಿದ್ದರು. ಇವಳು ಕಾಲು ಸರಿಸಿ ಜಾಗ ಕೊಟ್ಟಳು.

ಮುಂದಿನ ತಿರುವು ಬಂತು. ಬ್ರೇಕು ಬಿತ್ತು, ಬಹಳ ಮುಂಚೆಯೇ. ಅದರ ಮುಂದಿನದಕ್ಕೂ ಬಿತ್ತು. ಬೆಟ್ಟ ಇಳಿದು ಮುಗಿಯುವವರೆಗೂ ಕಣ್ಣು ಮುಚ್ಚಿಕೊಂಡು ಒಂದೊಂದು ಬ್ರೇಕನ್ನೂ ಮೈಯಲ್ಲಿ ತಗೊಂಡೆ. ಅವಳದು ಅಂತ ಒಂದೂ ಇರಲಿಲ್ಲ, ಎಲ್ಲ ನನ್ನವೇ.